ಸಕ್ಕರೆ ಇಲ್ಲ ಎಂದು ಬರೆದೆ

ಡಿಗ್ರಿಗೆ ಬಯೋಕೆಮಿಸ್ಟ್ರಿ ಸೇರುವಾಗ ಅದೇನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಪಿಯುಸಿ ಆದ ಮೇಲೆ ನರ್ಸಿಂಗ್‌ಗೆ ಹೋಗುತ್ತೇನೆ ಎಂದಿದ್ದೆ; ಹಾಸ್ಟೆಲ್ಲಿಗೆ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. ಚಿಕ್ಕಬಳ್ಳಾಪುರದ ಕಾಲೇಜಾದರೆ ಜಂಗಮಕೋಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು. ಅಡ್ಮಿಷನ್ ಮಾಡಿಸಲು ಹೋದಾಗ ಅಲ್ಲಿದ್ದ ಗುಮಾಸ್ತರು, "ಬಿಎಸ್ಸಿಯಲ್ಲಿ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ಸೀಟಿದೆ, ತಗೋತೀಯೇನಮ್ಮ?" ಎಂದರು. ಅಪ್ಪ ನನ್ನ ಮುಖ ನೋಡಿದರು. ತಗೋತೀನಿ ಅಂದೆ. ಮನೆಗೆ ಬಂದು ಅಜ್ಜಿಗೆ, "ತಿಂದ ಅನ್ನ ಮೈಯೊಳಗೆ ಹೋಗಿ ಏನಾಗತ್ತೆ ಅಂತ ಓದೋದು" ಎಂದು ವಿವರಿಸಿದೆ. "ಅದಕ್ಕೆ ಮೂರು ವರ್ಷ ಬೇಕಾ?" ಎಂದು ಅಜ್ಜಿ ಕೇಳಿದರು.

ನನ್ನ ಗೆಳತಿ ಹಾಗಲ್ಲ. ಅವಳು ಬೇಕೆಂದೇ ಈ ವಿಷಯಕ್ಕೆ ಬಂದವಳು. ಹಾಜರಿ ಪಟ್ಟಿಯಲ್ಲಿ ಅವಳ ಹೆಸರು ನನ್ನ ಹೆಸರಿನ ಹಿಂದೆಯೇ ಇದ್ದದ್ದರಿಂದ ಲ್ಯಾಬಿನಲ್ಲಿ ಇಬ್ಬರಿಗೂ ಒಂದೇ ಬೆಂಚು ಬಂತು. ಅವಳ ಊರು ಕಳವಾರ, ಸ್ಕಂದಗಿರಿಯ ಬುಡದಲ್ಲಿ. ಮನೆಯಲ್ಲಿ ಸೇವಂತಿಗೆ, ಗುಲಾಬಿ ಬೆಳೆಯುತ್ತಿದ್ದರು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅವರಪ್ಪನ ಅಕ್ಕ, ಅಂದರೆ ಅವಳ ಸೋದರತ್ತೆ, ಗಂಡನನ್ನು ಕಳೆದುಕೊಂಡು ಅವರ ಮನೆಯಲ್ಲೇ ಇದ್ದರಂತೆ. ಆಕೆಗೆ ಸಕ್ಕರೆ ಕಾಯಿಲೆ. ಕಾಲಿನ ಬೆರಳಿಗೆ ಗಾಯವಾಗಿ, ಅದು ಮಾಯದೆ, ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ತೆಗೆದರು. ಹೈಸ್ಕೂಲಿನಲ್ಲಿದ್ದಾಗ ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಇವಳೇ. ಇವಳು ಪಿಯುಸಿಗೆ ಬಂದ ವರ್ಷ ಅತ್ತೆ ಹೋಗಿಬಿಟ್ಟರು.

"ಯಾಕೆ ಹಂಗಾಯ್ತು ಅಂತ ಡಾಕ್ಟ್ರು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ ಕಣೇ. ನಾನೇ ಓದಿ ತಿಳ್ಕೋಬೇಕು" ಎಂದು ಮೊದಲ ವಾರವೇ ಹೇಳಿದ್ದಳು.

ಪಿಯುಸಿ ಸಾಕು ಎಂದಿದ್ದ ಗಂಡನ ಎದುರು ನಿಂತು ಅವಳನ್ನು ಕಾಲೇಜಿಗೆ ಕಳಿಸಿದವರು ಅವರಮ್ಮ. ಆ ಮಾತು ಬಂದಾಗಲೆಲ್ಲ ಗೆಳತಿಯ ದನಿ ತಗ್ಗುತ್ತಿತ್ತು.

ಓದಿನಲ್ಲಿ ಅವಳೇ ನನ್ನ ಮೇಷ್ಟ್ರು. ಒಂದು ಸಕ್ಕರೆಯ ಅಣು ಹತ್ತು ಹೆಜ್ಜೆಯಲ್ಲಿ ಹೇಗೆ ಮುರಿಯುತ್ತದೆ ಎಂದು ಮೇಡಂ ಬೋರ್ಡಿನ ತುಂಬ ಬರೆದರೆ ನನಗೆ ಬಾಣದ ಗುರುತುಗಳಷ್ಟೇ ಕಾಣುತ್ತಿದ್ದವು. ಇವಳು ಬಸ್ ಸ್ಟ್ಯಾಂಡಿನ ಸಿಮೆಂಟ್ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅದನ್ನೇ ಬರೆದು, "ಇಲ್ಲಿ ಗಲಾಟೆ ಶುರುವಾಗತ್ತೆ ನೋಡು, ಇಲ್ಲಿ ಎರಡು ತುಂಡಾಗತ್ತೆ" ಎಂದು ಊರ ಜಗಳದಂತೆ ಹೇಳಿಕೊಡುತ್ತಿದ್ದಳು. ಶಿಡ್ಲಘಟ್ಟದ ಬಸ್ಸು ತಡವಾಗಿ ಬಂದರೂ ನನಗೆ ಬೇಸರವಾಗುತ್ತಿರಲಿಲ್ಲ.

ಎರಡನೇ ವರ್ಷದ ಕೊನೆಯ ಸೆಮಿಸ್ಟರಿನಲ್ಲಿ, ಬಿಸಿಲು ಏರತೊಡಗಿದ್ದ ಕಾಲಕ್ಕೆ, ಮೂತ್ರ ಪರೀಕ್ಷೆಯ ಪ್ರಾಕ್ಟಿಕಲ್ ಬಂತು. "ಬೆಂಚಿಗೆ ಒಂದು ಸ್ಯಾಂಪಲ್ ಸಾಕು. ಯಾರಾದ್ರೂ ಒಬ್ರು ತನ್ನಿ. ಇದರಲ್ಲಿ ನಾಚಿಕೆ ಪಡೋದೇನಿಲ್ಲ" ಎಂದು ಮೇಡಂ ಹಿಂದಿನ ದಿನವೇ ಹೇಳಿದ್ದರು. ಹುಡುಗರು ಕಿಸಕ್ಕನೆ ನಕ್ಕರು. ಬಸ್ಸಿನಲ್ಲಿ ಅಷ್ಟು ದೂರ ಹೇಗೆ ತರಲಿ ಎಂದು ನಾನು ಒದ್ದಾಡುತ್ತಿದ್ದಾಗ ಅವಳೇ, "ನಮ್ಮೂರು ಹತ್ರ, ನಾನು ತರ್ತೀನಿ ಬಿಡು" ಎಂದಳು.

ಮರುದಿನ ಕಾಗದ ಸುತ್ತಿದ ಪುಟ್ಟ ಸೀಸೆ ತಂದಳು. ಆರೋಗ್ಯವಂತರ ಮೂತ್ರದಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ನೋಡಿ ಬರೆಯುವುದು ಅವತ್ತಿನ ಕೆಲಸ. ಸಕ್ಕರೆಯ ಪರೀಕ್ಷೆ ಎಲ್ಲಕ್ಕಿಂತ ಸುಲಭ. ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ, ಕುದಿಯುವ ನೀರಿನ ಬೀಕರಿನಲ್ಲಿ ಟ್ಯೂಬನ್ನು ನಿಲ್ಲಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಸ್ವಲ್ಪ ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ತುಂಬ ಇದ್ದರೆ ಇಟ್ಟಿಗೆಯ ಕೆಂಪು.

ನಮ್ಮ ಟ್ಯೂಬು ಹಸಿರು ಹಳದಿಯಲ್ಲೆಲ್ಲ ನಿಲ್ಲಲಿಲ್ಲ. ನೋಡನೋಡುತ್ತಲೇ ಕೆಂಪಾಗಿ, ತಳದಲ್ಲಿ ಮಡ್ಡಿ ಕಟ್ಟಿತು.

"ಟ್ಯೂಬು ತೊಳೆದಿಲ್ಲ ಅನ್ಸತ್ತೆ. ಹೋದ ವಾರದ ಗ್ಲೂಕೋಸ್ ಉಳ್ಕೊಂಡಿದೆ" ಎಂದೆ. ಬೇರೆ ಟ್ಯೂಬನ್ನು ಮೂರು ಸಲ ತೊಳೆದು ಮತ್ತೆ ಇಟ್ಟೆ. ಮತ್ತೆ ಕೆಂಪು. ಆಗ ಅವಳ ಕಡೆ ನೋಡಿದೆ. ಅವಳು ಟ್ಯೂಬನ್ನು ನೋಡುತ್ತಿರಲಿಲ್ಲ, ಮೇಡಂ ಎಷ್ಟು ದೂರದಲ್ಲಿದ್ದಾರೆ ಎಂದು ನೋಡುತ್ತಿದ್ದಳು.

ಮೇಡಂ ಎರಡು ಬೆಂಚು ಆಚೆ ಇದ್ದರು. ಒಬ್ಬೊಬ್ಬರ ಟ್ಯೂಬು ಎತ್ತಿ ಬೆಳಕಿಗೆ ಹಿಡಿದು, ರೆಕಾರ್ಡಿಗೆ ಸಹಿ ಹಾಕುತ್ತ ಬರುತ್ತಿದ್ದರು. ಗೆಳತಿ ನನ್ನ ಮಣಿಕಟ್ಟು ಹಿಡಿದಳು. "ಚೆಲ್ಲಿಬಿಡೇ" ಎಂದಳು, ಬರೀ ತುಟಿಯಲ್ಲಿ.

ನಾನು ಚೆಲ್ಲಿಬಿಟ್ಟೆ. ಎರಡೂ ಟ್ಯೂಬುಗಳನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಪಕ್ಕದ ಬೆಂಚಿನ ಹುಡುಗಿಯಿಂದ ಅವಳ ನೀಲಿ ಟ್ಯೂಬನ್ನು ಈಸಿಕೊಂಡು ನಮ್ಮ ಸ್ಟ್ಯಾಂಡಿನಲ್ಲಿಟ್ಟೆ. ರೆಕಾರ್ಡಿನಲ್ಲಿ ಆ ಪರೀಕ್ಷೆಯ ಎದುರಿಗೆ 'ಸಕ್ಕರೆ ಇಲ್ಲ' ಎಂದು ನನ್ನ ಕೈಯಲ್ಲೇ ಬರೆದೆ. ಮೇಡಂ ಬಂದು ನೋಡಿ, "ಗುಡ್" ಎಂದು ಸಹಿ ಹಾಕಿ ಮುಂದೆ ಹೋದರು.

ಮಧ್ಯಾಹ್ನ ಕಾಲೇಜಿನ ಹಿಂದಿನ ಹೊಂಗೆ ಮರದ ಕೆಳಗೆ ಕೂತಾಗ ಅವಳು ಬಾಯಿ ಬಿಟ್ಟಳು. ಒಂದು ತಿಂಗಳಿಂದ ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿಲ್ಲ, ಕಾಲು ಸೆಳೆಯುತ್ತದೆ, ಬೋರ್ಡು ಮಂಜಾಗಿ ಕಾಣುತ್ತದೆ. ಅವಳಿಗೆ ಅನುಮಾನ ಇತ್ತು. ಸೀಸೆ ತಂದಿದ್ದೂ ಅದಕ್ಕೇ, ಸಕ್ಕರೆ ಇಲ್ಲ ಅನ್ನಿಸಿಕೊಳ್ಳೋಣ ಅಂತ.

"ಮನೇಲಿ ಹೇಳು" ಎಂದೆ.

"ಹೇಳ್ತೀನಿ. ಪರೀಕ್ಷೆ ಮುಗೀಲಿ. ಈಗ ಹೇಳಿದ್ರೆ ನಮ್ಮಪ್ಪ ಕಾಲೇಜು ಬಿಡಿಸ್ತಾರೆ. ಅತ್ತೆ ಕಾಲು ನೋಡಿರೋ ಮನೆ ಕಣೇ ಅದು. ಅಮ್ಮ ತಡ್ಕೊಳಲ್ಲ."

"ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ."

"ಎರಡು ತಿಂಗಳಲ್ಲಿ ಏನಾಗತ್ತೆ? ಅತ್ತೆ ಹದಿನೈದು ವರ್ಷ ಇದ್ರು." ಆಮೇಲೆ ನನ್ನ ಕೈ ಹಿಡಿದು, "ನೀನು ಯಾರಿಗೂ ಹೇಳಲ್ಲ ಅಲ್ವಾ?" ಎಂದಳು.

ಹೇಳಲ್ಲ ಎಂದೆ. ಅವತ್ತು ನನಗೆ ಅದು ದೊಡ್ಡ ಸ್ನೇಹ ಎನ್ನಿಸಿತ್ತು.

ನಮ್ಮದು ರೇಷ್ಮೆ ಸಾಕುವ ಮನೆ. ಆ ವಾರ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಸಿದು ಸೊಪ್ಪಿಗೆ ಬಿದ್ದಿತ್ತು. ಭಾನುವಾರ ಅಪ್ಪನ ಜೊತೆ ಸೊಪ್ಪು ಹಾಕುವಾಗ ಅವರು ಸಾವಿರಾರು ಹುಳುಗಳ ಮಧ್ಯೆ ಒಂದನ್ನು ಬೆರಳಲ್ಲಿ ಎತ್ತಿದರು. ಸಪ್ಪಗೆ ಬಿದ್ದಿತ್ತು. "ಇದನ್ನ ಈಗ್ಲೇ ತೆಗೀಬೇಕು. ನಾಳೆ ನೋಡಣ ಅಂದ್ರೆ ಕೆಟ್ವಿ" ಎಂದು ಹೊರಗೆ ಒಯ್ದರು. ಅವರಿಗೆ ಹೇಳಿಬಿಡಲೇ ಅನ್ನಿಸಿತು. ಅಪ್ಪ ವಾಪಸ್ಸು ಬಂದು ಕೈ ತೊಳೆಯುವ ಹೊತ್ತಿಗೆ ಆ ಧೈರ್ಯ ಇರಲಿಲ್ಲ.

ಗೆಳತಿ ದಿನದಿನಕ್ಕೆ ಇಳಿಯುತ್ತ ಹೋದಳು. ಚೂಡಿದಾರದ ಭುಜ ಜಾರತೊಡಗಿ, ಪಿನ್ನು ಹಾಕಿಕೊಂಡು ಬರುತ್ತಿದ್ದಳು. ಎರಡು ಲೀಟರಿನ ಬಾಟಲಿ ಮೊದಲ ಪೀರಿಯಡ್ಡಿಗೇ ಖಾಲಿ. ಡಯಟ್ ಮಾಡ್ತಿದೀಯಾ ಎಂದು ಹುಡುಗಿಯರು ಕೇಳಿದರೆ ಹೂಂ ಅನ್ನುತ್ತಿದ್ದಳು. ನಾನು ವಾರಕ್ಕೊಂದು ಸಲ ಕೇಳುತ್ತಿದ್ದೆ, ಹೇಳಿದೆಯಾ ಎಂದು. ಆಮೇಲಾಮೇಲೆ ಕೇಳುವುದನ್ನೂ ಬಿಟ್ಟೆ. ಕೇಳಿದರೆ ಅವಳ ಮುಖ ಗಂಟಿಕ್ಕುತ್ತಿತ್ತು, ಆ ದಿನವೆಲ್ಲ ನನ್ನೊಡನೆ ಮಾತಿಲ್ಲ. ಅವಳನ್ನು ಬಿಟ್ಟರೆ ನನಗೆ ಆ ಕಾಲೇಜಿನಲ್ಲಿ ಬೇರೆ ಯಾರೂ ಇರಲಿಲ್ಲ.

ಇಂಟರ್ನಲ್ ಟೆಸ್ಟಿನಲ್ಲಿ ಹತ್ತು ಅಂಕದ ಪ್ರಶ್ನೆ ಸಕ್ಕರೆ ಕಾಯಿಲೆಯದೇ ಬಂತು. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಕರಗಿಸಿಕೊಳ್ಳುವುದು, ರಕ್ತ ಆಮ್ಲವಾಗುವುದು, ರೋಗಿಯ ಉಸಿರಿನಲ್ಲಿ ಹಣ್ಣಿನ ವಾಸನೆ, ದೀರ್ಘ ಉಸಿರಾಟ, ಕೊನೆಗೆ ಪ್ರಜ್ಞೆ ತಪ್ಪುವುದು. ಎರಡು ಪುಟ ಬರೆದೆ. ಒಂದೇ ಬೆಂಚಿನ ಆ ತುದಿಯಲ್ಲಿ ಕೂತು ಅವಳೂ ಅದನ್ನೇ ಬರೆಯುತ್ತಿದ್ದಳು. ಫ್ಯಾನಿನ ಗಾಳಿ ಅವಳ ಕಡೆಯಿಂದ ಬಂದಾಗ ಕೊಳೆಯಲು ಶುರುವಾದ ಹಣ್ಣಿನ ವಾಸನೆ ನನಗೆ ಹೊಡೆಯಿತು. ಪೆನ್ನು ನಿಲ್ಲಿಸಿದೆ. ಆಮೇಲೆ ಗಂಟೆ ಹೊಡೆಯುತ್ತದೆಂದು ಮತ್ತೆ ಬರೆಯತೊಡಗಿದೆ. ನನಗೆ ಒಂಬತ್ತು ಬಂತು, ಅವಳಿಗೆ ಹತ್ತಕ್ಕೆ ಹತ್ತು. ಆ ಒಂಬತ್ತನ್ನು ನಾನು ಯಾರಿಗೂ ತೋರಿಸಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಅವಳು ಅವರಪ್ಪನ ಬೈಕಿನಿಂದ ಇಳಿದಾಗಲೇ ಸರಿಯಿರಲಿಲ್ಲ. ಬೆಳಿಗ್ಗೆಯಿಂದ ವಾಂತಿ. ಏನೋ ತಿಂದದ್ದು ಸೇರಿಲ್ಲ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು. ಓಡಿಬಂದವಳ ಹಾಗೆ ಎದೆ ಏರಿ ಇಳಿಯುತ್ತಿತ್ತು, ಓಡಿರಲಿಲ್ಲ. "ಇವತ್ತೊಂದಿನ" ಎಂದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಳನ್ನು ಕರೆದು ಏನೋ ಕೇಳಿದರು. ಅವಳು ಅರ್ಧ ಉತ್ತರ ಕೊಟ್ಟು, ಆಮೇಲೆ ತೆಲುಗಿನಲ್ಲಿ ಸಂಬಂಧವಿಲ್ಲದ ಏನನ್ನೋ ಹೇಳಿ, ಮೇಜನ್ನು ಹಿಡಿದುಕೊಳ್ಳಲು ಹೋಗಿ ನೆಲಕ್ಕೆ ಕುಸಿದಳು.

ಮೇಡಂ ಓಡಿ ಬಂದು ನೀರು ಚಿಮುಕಿಸಿದರು. "ಬಿಸಿಲಿಗೆ ತಲೆ ಸುತ್ತಿದೆ, ಗ್ಲೂಕೋಸ್ ಪುಡಿ ತನ್ನಿ" ಎಂದು ಯಾರೋ ಕೂಗಿದರು. ಆಗ ನನ್ನ ಬಾಯಿ ತೆರೆಯಿತು. "ಗ್ಲೂಕೋಸ್ ಬೇಡ! ಅವಳಿಗೆ ಶುಗರ್ ಇದೆ!" ಎಂದು ಕಿರುಚಿದೆ. ಎಲ್ಲರೂ ನನ್ನ ಕಡೆ ತಿರುಗಿದರು.

ಮೇಡಂ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬೆರಳು ಚುಚ್ಚಿ ನೋಡಿದರು. ಮೀಟರು ಸಂಖ್ಯೆಯನ್ನೇ ತೋರಿಸಲಿಲ್ಲ, ತುಂಬ ಜಾಸ್ತಿ ಎಂದು ಬರೀ ಅಕ್ಷರ ತೋರಿಸಿತು. "ಶುಗರ್ ಇದೆ ಅಂತ ಹೇಳಿದ್ದು ಯಾರು?" ಎಂದು ಕೇಳಿದರು. "ನಾನು" ಎಂದೆ. "ನಿನಗೆ ಯಾವಾಗ ಗೊತ್ತಾಯ್ತು?"

ಮೇಡಂ ನನ್ನ ಪಕ್ಕದಲ್ಲೇ ನಿಂತಿದ್ದರು.

"ಇವತ್ತು" ಎಂದೆ. "ಇವತ್ತು ಬೆಳಿಗ್ಗೆ ಲ್ಯಾಬಲ್ಲಿ ಟೆಸ್ಟ್ ಮಾಡಿದ್ವಿ ಸಾರ್."

ಅವಳನ್ನು ಐಸಿಯುಗೆ ಒಯ್ದರು. ಸ್ವಲ್ಪ ಹೊತ್ತಿಗೆ ಅವರಮ್ಮ, ಹೂ ಬಿಡಿಸುತ್ತಿದ್ದ ಸೀರೆಯಲ್ಲೇ ಓಡಿ ಬಂದರು. "ನಾ ಬಿಡ್ಡಕಿ ಏಮೈಂದಿ?" ಎಂದು, ನನ್ನ ಮಗೂಗೆ ಏನಾಯ್ತು ಎಂದು, ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದರು. ಮೇಡಂ ಅವರನ್ನು ಕೂರಿಸಿ, "ಈ ಹುಡುಗಿ ಸರಿಯಾದ ಟೈಮಿಗೆ ಹೇಳಿದ್ದಕ್ಕೆ ಆಯ್ತು" ಎಂದು ನನ್ನನ್ನು ತೋರಿಸಿದರು. ಅವರಮ್ಮ ನನ್ನ ಎರಡೂ ಕೈಗಳನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. "ನಿನಗೆ ಮುಂಚೇನೇ ಏನಾದ್ರೂ ಅನುಮಾನ ಬಂದಿತ್ತೇನಮ್ಮ?"

"ಇಲ್ಲ ಆಂಟಿ" ಎಂದೆ. ಆ ದಿನದ ಎರಡನೇ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಅವಳು ಉಳಿದಳು. ಮೂರು ದಿನ ಐಸಿಯುನಲ್ಲಿದ್ದು, ಒಂದು ವಾರಕ್ಕೆ ಮನೆಗೆ ಹೋದಳು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಜೀವ ಇರುವವರೆಗೆ. ನನ್ನ ಪ್ರಾಕ್ಟಿಕಲ್ಲನ್ನು ಮರುದಿನದ ಬ್ಯಾಚಿನಲ್ಲಿ ತೆಗೆದುಕೊಂಡರು; ಅವಳ ಪರೀಕ್ಷೆ ಹೋಯಿತು, ಅದರ ಜೊತೆ ಒಂದು ವರ್ಷವೂ ಹೋಯಿತು. ಕಾಲೇಜಿನಲ್ಲಿ ನನಗೆ ದೊಡ್ಡ ಹೆಸರು ಬಂತು. ಮೇಡಂ ಜೂನಿಯರ್‌ಗಳಿಗೆ ಪಾಠ ಶುರು ಮಾಡುವಾಗ, "ಓದಿದ್ದು ಜೀವ ಉಳಿಸುತ್ತೆ, ನಿಮ್ಮ ಸೀನಿಯರ್ರನ್ನ ಕೇಳಿ" ಎಂದು ನನ್ನ ಕಥೆ ಹೇಳುತ್ತಿದ್ದರಂತೆ. ಒಂದು ದಿನ ಗೆಳತಿಯ ಅಪ್ಪ ಅಮ್ಮ ಇಬ್ಬರೂ ಜಂಗಮಕೋಟೆಗೆ ನಮ್ಮ ಮನೆ ಹುಡುಕಿಕೊಂಡು ಬಂದರು, ಒಂದು ಬುಟ್ಟಿ ಸೇವಂತಿಗೆ ತೆಗೆದುಕೊಂಡು. ಅವರಮ್ಮ ನಮ್ಮಮ್ಮನಿಗೆ ಕೈ ಮುಗಿದರು. ನಮ್ಮಪ್ಪ ಹೆಚ್ಚು ಮಾತಾಡುವವರಲ್ಲ. ಅವತ್ತು ಅಂಗಡಿಯ ಹತ್ತಿರ ಎಲ್ಲರಿಗೂ ಹೇಳಿಕೊಂಡು ಬಂದರು. ಬುಟ್ಟಿಯ ಹೂ ಬಾಡುವವರೆಗೆ ದೇವರ ಕೋಣೆಯ ಕಡೆ ನಾನು ಹೋಗಲಿಲ್ಲ.

ಅವಳು ಸತ್ಯವನ್ನು ಯಾರಿಗೂ ಹೇಳಲಿಲ್ಲ. ನೋಡಲು ಹೋದಾಗಲೆಲ್ಲ ಅದರ ಮಾತೇ ಬರುತ್ತಿರಲಿಲ್ಲ. ತೊಡೆಗೆ ಚುಚ್ಚಿಕೊಳ್ಳುವುದನ್ನು ನನಗೆ ತೋರಿಸಿ, "ಈಗ ನೋವಾಗಲ್ಲ" ಎನ್ನುತ್ತಿದ್ದಳು. ಮಾತಾಡಬೇಕೆಂದು ನನಗೆ ಅನ್ನಿಸುತ್ತಿತ್ತು, ಅವಳಿಗಲ್ಲ. ಇಬ್ಬರಿಗೂ ಸೇರಿದ ಗುಟ್ಟು ಈಗ ನನ್ನೊಬ್ಬಳ ಕುತ್ತಿಗೆಗೆ ಬಿದ್ದಿದೆ ಎನ್ನಿಸತೊಡಗಿತು.

ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಅವಳಿಗೆ ನೋಟ್ಸ್ ಕೊಡುವ ನೆಪ ಮಾಡಿಕೊಂಡು ಕಳವಾರಕ್ಕೆ ಹೋದೆ. ಬೆಟ್ಟ ಹತ್ತಲು ಬಂದವರ ಕಾರುಗಳು ದಾರಿಯುದ್ದಕ್ಕೂ ನಿಂತಿದ್ದವು. ಅವಳು ಸ್ನಾನಕ್ಕೆ ಹೋಗಿದ್ದಳು. ಅವರಮ್ಮ ಜಗಲಿಯಲ್ಲಿ ಗೋಣಿಚೀಲ ಹರವಿಕೊಂಡು ಹೂ ಆರಿಸುತ್ತಿದ್ದರು. "ಬಾಮ್ಮ" ಎಂದು ಮಣೆ ಸರಿಸಿದರು. ನಾನು ಕೂರಲಿಲ್ಲ.

"ಆಂಟಿ, ನನಗೆ ಮುಂಚೇನೇ ಗೊತ್ತಿತ್ತು. ಎರಡು ತಿಂಗಳು ಮುಂಚೆ. ಟೆಸ್ಟಲ್ಲಿ ಬಂದಿತ್ತು. ನಾನೇ ಚೆಲ್ಲಿಬಿಟ್ಟೆ" ಎಂದು ಒಂದೇ ಉಸಿರಿಗೆ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಸಾಕು ಎಂದೇ ಹೋಗಿದ್ದೆ. ಅವರು ಹೂವಿನಿಂದ ಕೈ ತೆಗೆದು, ನನ್ನನ್ನೇ ನೋಡಿ, ನಾನು ಯೋಚಿಸದೇ ಇದ್ದ ಒಂದು ಪ್ರಶ್ನೆ ಕೇಳಿದರು.

"ಅವಳಿಗೂ ಗೊತ್ತಿತ್ತಾ?"

ಕೈಯಲ್ಲಿದ್ದ ನೋಟ್ಸನ್ನು ಜಗಲಿಯ ಮೇಲಿಟ್ಟೆ. ಅದೇ ಉತ್ತರವಾಯಿತು.

"ಸಣ್ಣಗಾದ್ಲು ಅಂತ ದಿನಾ ಬೆಳಿಗ್ಗೆ ರಾಗಿ ಮಾಲ್ಟಿಗೆ ಎರಡು ಅಚ್ಚು ಬೆಲ್ಲ ಹಾಕಿ ಕೊಡ್ತಿದ್ದೆ" ಎಂದರು. ದನಿ ಏರಲಿಲ್ಲ. "ಕುಡಿಯೋಳು. ಬೇಡ ಅಂತ ಒಂದಿನ ಅನ್ಲಿಲ್ಲ. ಬಾಳೆಹಣ್ಣು ಕೊಟ್ಟೆ, ತಿಂದ್ಲು. ಪಾಯಸ ಮಾಡ್ದೆ, ತಿಂದ್ಲು. ಗೊತ್ತಿದ್ದೂ ತಿಂದ್ಲಾ?"

ಬಾಗಿಲಲ್ಲಿ ಗೆಳತಿ ನಿಂತಿದ್ದಳು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು. ಎಷ್ಟು ಕೇಳಿಸಿಕೊಂಡಳೋ. ಅವರಮ್ಮ ಎದ್ದು, ಅವಳನ್ನು ದಾಟಿ ಒಳಗೆ ಹೋದರು.

ಗೆಳತಿ ನನ್ನನ್ನು ರಸ್ತೆಯವರೆಗೆ ಬಿಡಲು ಬಂದಳು. ಅರ್ಧ ದಾರಿಯಲ್ಲಿ ನಿಂತಳು.

"ಆಗ ಹೇಳ್ಬೇಡ ಅಂದೆ, ಹೇಳ್ಲಿಲ್ಲ. ಆಗ್ಲೇ ಹೇಳಿದ್ರೆ ನಾನು ನಿನ್ನ ಬೈಕೊಂಡಾದ್ರೂ ನೆಟ್ಟಗಿರ್ತಿದ್ದೆ. ಈಗ ಯಾಕೆ ಹೇಳ್ದೆ? ಈಗ ಯಾರಿಗೆ ಒಳ್ಳೇದಾಯ್ತು?"

"ನನಗೆ ತಡ್ಕೊಳೋಕಾಗ್ಲಿಲ್ಲ ಕಣೇ."

"ಅದೇ. ನಿನಗೆ ತಡ್ಕೊಳೋಕಾಗ್ಲಿಲ್ಲ, ಅದಕ್ಕೆ ನಮ್ಮಮ್ಮನ ಮೇಲೆ ಹಾಕಿ ಹೋಗ್ತಿದೀಯ. ಅವಳು ಇನ್ನು ಬೆಲ್ಲದ ಡಬ್ಬಿ ಮುಟ್ಟೋ ಹಂಗಿಲ್ಲ. ಹೋಗು."

ಹೇಳದೇ ಇದ್ದದ್ದು ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ. ಹೇಳಿದ್ದೂ ತಪ್ಪೇ ಎಂದರೆ ಒಪ್ಪಲು ಕಷ್ಟವಾಗುತ್ತದೆ. ಆದರೆ ಅವತ್ತು ಬಸ್ಸಿನಲ್ಲಿ ಕೂತಾಗ ನನಗೆ ಮೈ ಹಗುರಾಗಿತ್ತು ಎಂಬುದು ನಿಜ. ಆ ಹಗುರಕ್ಕೆ ಬೇರೆಯವರ ಮನೆ ಬೇಕಾಯಿತು ಎಂಬುದೂ ನಿಜ. ಕಾಲೇಜು ತೆರೆದ ಮೇಲೆ ಮೇಡಂ ಬಳಿ ಹೋಗಿ ಅವರಿಗೂ ಹೇಳಿದೆ. "ಆ ರೆಕಾರ್ಡಿಗೆ ಸಹಿ ಹಾಕಿದ್ದು ನಾನೇ ಅಲ್ವೇನಮ್ಮ" ಎಂದರು. ಜೂನಿಯರ್‌ಗಳಿಗೆ ನನ್ನ ಕಥೆ ಹೇಳುವುದನ್ನು ನಿಲ್ಲಿಸಿದರು.

ಗೆಳತಿ ನನಗಿಂತ ಒಂದು ವರ್ಷ ಹಿಂದಿನ ತರಗತಿಗೆ ಮರಳಿ ಬಂದಳು. ಅವಳ ಅಪ್ಪ ಓದು ಬಿಡಿಸಲಿಲ್ಲ. ಅವಳು ಅಷ್ಟೊಂದು ಹೆದರಿದ್ದ ಆ ಮಾತನ್ನು ಮನೆಯಲ್ಲಿ ಯಾರೂ ಆಡಲೇ ಇಲ್ಲವಂತೆ. ಕಾರಿಡಾರಿನಲ್ಲಿ ಎದುರಾದರೆ ತಲೆ ಆಡಿಸುತ್ತಿದ್ದಳು, ನಿಲ್ಲುತ್ತಿರಲಿಲ್ಲ. ನಾನು ಡಿಗ್ರಿ ಮುಗಿಸಿ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ತಯಾರಾದ ಮಾಲಿನ ಸ್ಯಾಂಪಲ್ ಪರೀಕ್ಷಿಸಿ ಸರಿ ಇದೆ, ಇಲ್ಲ ಎಂದು ಬರೆಯುವ ಕೆಲಸ. ಅನುಮಾನವಿದ್ದರೆ ನಾನು ಸಹಿ ಹಾಕುವುದಿಲ್ಲ. ಅದಕ್ಕೆ ಮೇಲ್ವಿಚಾರಕರು ಗೊಣಗುವುದುಂಟು.

ಅವಳು ಎಂಎಸ್ಸಿ ಮಾಡಿ ಈಗ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಹೋದ ವರ್ಷ ಯಾವುದೋ ಮದುವೆಗೆಂದು ಗೌರಿಬಿದನೂರಿಗೆ ಬಂದವಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವಳೇ ಕರೆದಳು. ಹೋಟೆಲಿನಲ್ಲಿ ಕೂತು ಇಡ್ಲಿ ತಿಂದೆವು. ತಿನ್ನುವ ಮೊದಲು ಅವಳು ಕೈಚೀಲದಿಂದ ಪೆನ್ನಿನಂಥದ್ದನ್ನು ತೆಗೆದು, ಯಾರು ನೋಡುತ್ತಾರೆ ಎಂದು ಲೆಕ್ಕಿಸದೆ ಹೊಟ್ಟೆಗೆ ಚುಚ್ಚಿಕೊಂಡಳು. ವಿದ್ಯಾರ್ಥಿಗಳು, ಸಂಬಳ ತಡವಾಗುವುದು, ಬಸ್ಸಿನ ಗೋಳು, ಎಲ್ಲ ಮಾತಾಡಿದೆವು. ಏಳುವ ಮುನ್ನ ಕೇಳಿಯೇಬಿಟ್ಟೆ, "ಅಮ್ಮ ಹೇಗಿದಾರೆ?"

"ಚೆನ್ನಾಗಿದಾಳೆ. ನನ್ನ ಹತ್ರ ಎಲ್ಲ ಮಾತಾಡ್ತಾಳೆ, ಆದ್ರೆ ಊಟ ಬಡಿಸೋವಾಗ ಮಾತ್ರ ನನ್ನ ಮುಖ ನೋಡಲ್ಲ" ಎಂದಳು. ಕೈಚೀಲ ಹೆಗಲಿಗೆ ಹಾಕಿಕೊಂಡು, "ನಿನ್ನ ಮೇಲೆ ಸಿಟ್ಟೇನಿಲ್ಲ ಅವಳಿಗೆ. ಮನೆಗೆ ಬಾ ಅಂತಲೂ ನಾನು ಹೇಳಲ್ಲ" ಎಂದಳು.

ಚಿಂತಾಮಣಿ ಬಸ್ಸು ಬಂತು. ಅವಳಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನನ್ನ ನಂಬರು ಕೇಳಿ ಬರೆದುಕೊಂಡಳು. ಇನ್ನೂ ಕರೆ ಮಾಡಿಲ್ಲ.